ಖಾಲಿ ಚೀಟಿಯ ಮೇಲಿನ ಸಹಿ

ನಮ್ಮೂರು ಚಿತ್ತಾಪುರ ಸೀಮೆಯಲ್ಲಿ, ಕಾಗಿಣಾ ದಂಡೆಯ ಮೇಲಿದೆ. ಹೊಳೆಯಿಂದ ಊರಿಗೆ ನೀರು ಬಿಡುವ ಪಂಪ್‌ಹೌಸ್‌ನಲ್ಲಿ ನನ್ನ ಕೆಲಸ. ಒಂದು ಮಳೆಗಾಲದ ಬೆಳಿಗ್ಗೆ ಮೋಟಾರು ಚಾಲೂ ಮಾಡಿ ಹೊರಗೆ ಬಂದಾಗ, ಸೇತುವೆಯ ಪಕ್ಕ ನಿಂತ ಟೆಂಪೋದಿಂದ ಇಬ್ಬರು ಪ್ಲಾಸ್ಟಿಕ್ ಕಸದ ಚೀಲಗಳನ್ನು ಹೊಳೆಗೆ ಎಸೆಯುತ್ತಿದ್ದರು. ಟೆಂಪೋದ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ.

ದೂರು ಕೊಟ್ಟವರು ನಮ್ಮ ವೈನಿ, ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಅವರು ಮೀನು ಹಿಡಿದೇ ಮನೆ ನಡೆಸುತ್ತಿದ್ದರು. ಬಲೆಗೆ ಮೀನಿಗಿಂತ ಪ್ಲಾಸ್ಟಿಕ್ ಹಾಳೆಯೇ ಹೆಚ್ಚು ಬರುತ್ತಿತ್ತು. ಇದು ನಿಲ್ಲದಿದ್ದರೆ ಹೊಳೆ ಬಿಟ್ಟು ರಾವೂರಿನ ಕಲ್ಲಿನ ಗಣಿಗೆ ಕೂಲಿಗೆ ಹೋಗಬೇಕಾಗುತ್ತಿತ್ತು.

ಅಧಿಕಾರಿ ಬರುವಷ್ಟರಲ್ಲಿ ದಂಡೆಯ ಮುಳ್ಳುಕಂಟಿಗೆ ಸಿಕ್ಕಿಕೊಂಡ ಒಂದೇ ಚೀಲ ಉಳಿದಿತ್ತು. ಅದರೊಳಗೆ ಒಂದು ಗೋದಾಮಿನ ಹೆಸರಿದ್ದ ಪೊಟ್ಟಣಗಳಿದ್ದವು. ಜಪ್ತಿಯ ಪಂಚನಾಮೆಗೆ ನಾನೊಬ್ಬ ಪಂಚ, ಅಂದರೆ ಸಾಕ್ಷಿ. ಮೋಡ ಕವಿದಿತ್ತು, ಎಲ್ಲರಿಗೂ ಅವಸರ. ಅಧಿಕಾರಿ ಜೀಪಿನ ಬಾನೆಟ್ ಮೇಲೆ ಖಾಲಿ ಚೀಟಿ ಇಟ್ಟು, ಮೊದಲು ಸಹಿ ಮಾಡಿ, ಆಮೇಲೆ ಬರೆದು ಚೀಲಕ್ಕೆ ಹಚ್ಚುತ್ತೇವೆ ಎಂದರು. ಮಾಡಿದೆ. ಚೀಲವನ್ನು ಜೀಪಿಗೆ ಹಾಕಿಕೊಂಡು ಹೋದರು.

ಕೋರ್ಟಿನ ಹೊರಗೆ ಸರ್ಕಾರಿ ವಕೀಲರು ನನ್ನನ್ನೂ ವೈನಿಯನ್ನೂ ಕೂಡಿಸಿಕೊಂಡು ತಿಳಿಸಿದರು. ಕಾಗಿಣಾ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ. ಸಮುದ್ರ ಸೇರಿದ ಮೇಲೆ ಯಾರ ಕಸವೆಂದು ಯಾವ ಕೋರ್ಟಿನಲ್ಲೂ ತೋರಿಸಲಾಗದು. ತಮ್ಮ ಟೆಂಪೋ ಖಾಲಿ ಬಂದಿತ್ತೆಂದು ಗೋದಾಮಿನವರ ವಾದ. ಕೈಗೆ ಸಿಕ್ಕಿದ್ದು ಈ ಚೀಲ ಒಂದೇ.

ಒಳಗೂ ಸರ್ಕಾರಿ ವಕೀಲರು ಸಮುದ್ರದ ಮಾತನ್ನೇ ಎತ್ತಿದ್ದರು. ನಾನು ಕಟಕಟೆ ಹತ್ತಿದಾಗ ಎದುರು ವಕೀಲರು ನಗುತ್ತಲೇ ಶುರು ಮಾಡಿದರು. "ನೀವು ಸಮುದ್ರ ನೋಡೀರೇನ್ರಿ?"

ಇಲ್ಲ ಎಂದೆ.

"ಮತ್ತ ಅದರ ಚಿಂತಿ ಭಾಳ ಹಚ್ಚಿಕೊಂಡೀರಲ್ಲ."

ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಜಪ್ತಿಯ ಚೀಲ ತಂದಿಟ್ಟರು. ಚೀಟಿಯ ಮೇಲಿನ ಸಹಿ ನನ್ನದೇ. "ಸಹಿ ಮಾಡುವಾಗ ಈ ಚೀಟಿ ಚೀಲಕ್ಕ ಹಚ್ಚಿತ್ತೇನ್ರಿ?"

ವೈನಿ ಬಾಗಿಲ ಬಳಿ ನಿಂತಿದ್ದರು. ಅವರತ್ತ ಒಮ್ಮೆ ನೋಡಿದೆ. ಹಚ್ಚಿರಲಿಲ್ಲ ಎಂದೆ. ಏನಾದರೂ ಬರೆದಿತ್ತೇ? ಇರಲಿಲ್ಲ. ಹಾಗಾದರೆ ಹೊಳೆಯ ದಂಡೆಯಲ್ಲಿ ಸಿಕ್ಕಿದ್ದು ಇದೇ ಚೀಲ ಎಂದು ಹೇಗೆ ಹೇಳುತ್ತೀರಿ? ಅಂಥ ಬಿಳಿ ಚೀಲಗಳು ಎಲ್ಲ ಕಡೆ ಇರುತ್ತವೆ, ಪೊಟ್ಟಣಗಳನ್ನು ಆಮೇಲೆ ಯಾರಾದರೂ ತುಂಬಿರಬಹುದಲ್ಲ? ಹೇಳಲಾರೆ ಎಂದೆ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ.

ಕೇಸು ಬಿದ್ದುಹೋಯಿತು. ತೀರ್ಪಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ವೈನಿ ನನ್ನತ್ತ ನೋಡದೆ ಕೇಳಿದರು. "ಕೋರ್ಟಿನ್ಯಾಗ ಸುಳ್ಳು ಹೇಳಬೇಕಿತ್ತು ಅಂತ ನಾ ಅನ್ನಂಗಿಲ್ಲ, ತಮ್ಮಾ. ಅವತ್ತು ಖಾಲಿ ಚೀಟಿ ಮ್ಯಾಲ ಸಹಿ ಯಾಕ ಮಾಡ್ದಿ?"

"ಎಲ್ಲಾರೂ ಹಂಗೇ ಮಾಡ್ತಾರ್ರಿ ವೈನಿ," ಎಂದೆ.

ಬಸ್ಸಿನಲ್ಲಿ ಅವರು ಹೆಂಗಸರ ಸೀಟಿನಲ್ಲಿ ಕುಳಿತು ಊರು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಮುಂದಿನ ವಾರದಿಂದ ಅವರು ಗಣಿಗೆ ಹೋಗತೊಡಗಿದರು. ಬೆಳಿಗ್ಗೆ ದಂಡೆಯಲ್ಲಿ ಈಗ ನಾನೊಬ್ಬನೇ. ಪಂಪಿನ ಬಾಯಿಯ ಜಾಲರಿಗೆ ಪ್ಲಾಸ್ಟಿಕ್ ಹಾಳೆಗಳು ಮೆತ್ತಿಕೊಂಡಿರುತ್ತವೆ. ಮೋಟಾರು ನಿಲ್ಲಿಸಿ ಒಂದೊಂದಾಗಿ ಬಿಡಿಸುತ್ತೇನೆ. ಹೆಸರೇನಾದರೂ ಕಂಡರೆ ಓದುತ್ತೇನೆ. ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.