ಮಾವನ ಧೋತರದೊಳಗಿನ ಗಂಟು

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ಭಾಲ್ಕಿ ರೈಲು ನಿಲ್ದಾಣದಲ್ಲಿ ಸಿಪಾಯಿಗಳು ಬಂದುಹೋಗುವವರನ್ನೆಲ್ಲ ತಡವಿ ನೋಡುತ್ತಿದ್ದರು. ಮದುವೆಯೊಂದಕ್ಕೆಂದು ಮೆಹಕರದಿಂದ ಬೀದರಿಗೆ ಹೊರಟಿದ್ದ ನಾವು ಅಲ್ಲಿ ಸಿಕ್ಕಿಕೊಂಡೆವು: ನಮ್ಮ ಮಾವ, ಅತ್ತೆ, ಹೊಸ ಸೊಸೆಯಾದ ನಾನು.

ಮಾವನಿಗೆ ಎಷ್ಟೋ ವರ್ಷಗಳಿಂದ ಕರುಳು ತೊಡೆಸಂದಿಗೆ ಇಳಿದಿತ್ತು. ಅದನ್ನು ಬಟ್ಟೆಯಿಂದ ಬಿಗಿದು, ಮೇಲೆ ದೊಡ್ಡ ಧೋತರ ಉಟ್ಟು ಊರಿಗೆಲ್ಲ ಹಿರಿಯರಾಗಿ ತಿರುಗುತ್ತಿದ್ದರು. ಮನೆಯಲ್ಲಿ ಆ ಮಾತು ಎತ್ತುವಂತಿರಲಿಲ್ಲ.

ಸಿಪಾಯಿಯ ಕೈ ಆ ಗಂಟಿಗೆ ತಾಗಿತು. "ಇದರೊಳಗೇನು?" ಎಂದು ಹಿಂದಿಯಲ್ಲಿ ಗದರಿಸಿದ.

"ಏನಿಲ್ಲರಿ ಸಾಹೇಬ್ರ, ಅದು ನಮ್ಮದೇ ಅದ," ಎಂದರು ಮಾವ.

ಪಿಸ್ತೂಲೋ ಬಂಗಾರವೋ ಎಂದು ಅವನು ಗೋಡೆಯ ಹಿಂದಕ್ಕೆ ಕರೆದೊಯ್ದ. ತಿರುಗಿ ಬಂದಾಗ ಮಾವನಿಗಿಂತ ಸಿಪಾಯಿಯ ಮುಖವೇ ಹೆಚ್ಚು ಕೆಂಪಾಗಿತ್ತು. ಕರುಳು ಸಿಕ್ಕಿಕೊಂಡರೆ ಜೀವ ಹೋಗುತ್ತದೆ, ದವಾಖಾನೆಗೆ ಒಯ್ಯಿರಿ ಎಂದು ಅತ್ತೆಗೆ ಹೇಳಿದ.

ಅತ್ತೆ ಮದುವೆಯ ಮಾತು ಅಲ್ಲೇ ಬಿಟ್ಟರು. "ಸರ್ಕಾರನೇ ನೋಡ್ಯದ. ಇನ್ನ ಡಾಕ್ಟರ್ ನೋಡಿದ್ರ ಏನ್ ಹೋಗ್ತದರಿ?"

ಬೀದರಿನ ಡಾಕ್ಟರು ಮಾವನನ್ನು ಪರದೆಯ ಹಿಂದೆ ನಿಲ್ಲಿಸಿ ಕೆಮ್ಮಲು ಹೇಳಿದರು.

"ನನಗ ಕೆಮ್ಮಿಲ್ಲರಿ."

"ಇಲ್ಲದಿದ್ರೂ ಕೆಮ್ಮರಿ ಸಾವ್ಕಾರ್ರ."

ಮನೆಯೊಳಗೆ ಬರುವಾಗ ಸೊಸೆಗೆ ಸುಳಿವು ಕೊಡಲು ಕೆಮ್ಮುತ್ತಿದ್ದರಲ್ಲ, ಅದೇ ಠೀವಿಯಲ್ಲಿ ಕೆಮ್ಮಿದರು. ಹೊರಗೆ ಕೂತಿದ್ದ ನಾನು ಥಟ್ಟನೆ ಎದ್ದು ಸೆರಗು ಹೊದ್ದೆ.

ಮರುದಿನ ಆಪರೇಷನ್. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಬಾಯಿಗೆ ಅಂಥ ಸೂಜಿ ಇರಲಿಲ್ಲ. ಮಾವನ ದನಿ ವರಾಂಡದವರೆಗೂ ಕೇಳುತ್ತಿತ್ತು: "ಜ್ವಾಳದ ಚೀಲ ಹೊಲದಂಗ ಹೊಲೀರಿ. ಒಂದ್ ಹೊಲಿಗಿ ಬಿಚ್ಚಿದ್ರ ಎಲ್ಲಾ ಚೆಲ್ತದ."

"ನೀವು ಸುಮ್ನಿದ್ರ ಲಗೂ ಮುಗೀತದರಿ," ಎಂದರು ಡಾಕ್ಟರು.

ಅತ್ತೆ ಮಾತ್ರ ನಗಲಿಲ್ಲ. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ಕೂತಿದ್ದರು. ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಹೊರಗೆ ತಂದಾಗ ಮಾವ ಅಳುತ್ತಿದ್ದರು. "ನನ್ನ ಕಾಲು ಒಳಗೇ ಬಿಟ್ರೇನು?"

ಅತ್ತೆ ಚಾದರ ಸರಿಸಿ ನೋಡಿದರು. "ಎರಡೂ ಇಲ್ಲೇ ಅವ. ನಿಮ್ಮ ಕಾಲ ಯಾರ್ ಒಯ್ತಾರ್ರಿ?" ಎಂದು ಹೇಳಿ, ಆಮೇಲೆ ತಾವೂ ಅತ್ತರು.

ಭಾರ ಎತ್ತಬೇಡಿ ಎಂದಿದ್ದರು ಡಾಕ್ಟರು. ಮಾವ ಅಂದಿನಿಂದ ನೀರಿನ ತಂಬಿಗೆಯನ್ನೂ ಎತ್ತಲಿಲ್ಲ. ಹೊಲಿಗೆಯ ಗುರುತನ್ನು ಮಾತ್ರ ಕೇಳಿದವರಿಗೂ ಕೇಳದವರಿಗೂ ತೋರಿಸಿದರು. ಅವರು ಧೋತರಕ್ಕೆ ಕೈ ಹಾಕಿದರೆ ಸಾಕು, ಓಣಿಯ ಹೆಂಗಸರೆಲ್ಲ ಒಳಗೆ ಓಡುತ್ತಿದ್ದೆವು. ಗಂಡಸರು ಓಡಲಿಲ್ಲ. ಸಂಜೆ ಒಬ್ಬೊಬ್ಬರೇ ಬಂದು, ಬಾಗಿಲು ಮುಂದೆ ಮಾಡಿಕೊಂಡು, "ನೋವಾತೇನ್ರಿ?" ಎಂದು ಪಿಸುಗುಡುತ್ತಿದ್ದರು. ಧೋತರದ ಮರೆಯಲ್ಲಿ ಊರು ಎಷ್ಟೊಂದು ಮುಚ್ಚಿಟ್ಟುಕೊಂಡಿತ್ತೆಂದು ನಮಗೆ ತಿಳಿದದ್ದೇ ಆಗ. ಸುಗ್ಗಿ ಮುಗಿಯುತ್ತಲೇ ಅವರಲ್ಲಿ ಕೆಲವರು ಮಾವನನ್ನೇ ಮುಂದಿಟ್ಟುಕೊಂಡು ಬೀದರಿನ ರೈಲು ಹತ್ತಿದರು.