ಜರುಗದ ಹಿಮ

ಆ ಶನಿವಾರ ಹಿಮ ಒಂದಿಷ್ಟು ಜರುಗಿ ಹೆದರಿಸಿದ್ದರೆ ಪ್ರಕಾಶ ಇವತ್ತು ಬದುಕಿರುತ್ತಿದ್ದ. ನನಗೆ ಹಾಗನ್ನಿಸುತ್ತದೆ. ಅದು ಜರುಗಲಿಲ್ಲ.

ಹೋದವರು ನಾವು ಮೂವರು. ಹುಬ್ಬಳ್ಳಿಯ ಪ್ರಕಾಶ, ಆಫೀಸಿನಲ್ಲಿ ನನ್ನ ಟೀಮಿನವನು. ಮೈಸೂರಿನ ಇರ್ಫಾನ್, ಸನ್ನಿವೇಲ್‌ನಲ್ಲಿ ನಮ್ಮದೇ ಅಪಾರ್ಟ್‌ಮೆಂಟಿನವರು, ಎಷ್ಟೋ ವರ್ಷಗಳಿಂದ ಸ್ಕೀ ಮಾಡುವವರು. ಆಮೇಲೆ ನಾನು. ಟಾಹೋ ಸರೋವರದ ಕಡೆಯ ಹಿಮದ ಬೆಟ್ಟ. ಲಿಫ್ಟು, ಕಾವಲು ಇರುವ ರೆಸಾರ್ಟಲ್ಲ, ಅದರಾಚೆಯ ಇಳಿಜಾರು. ಅಲ್ಲಿ ಹಿಮ ನಿಲ್ಲುತ್ತದೋ ಕುಸಿಯುತ್ತದೋ ನಾವೇ ನೋಡಿಕೊಳ್ಳಬೇಕು. (ನಲವತ್ತು ದಾಟಿದ ಮೇಲೆ ಈ ಹುಚ್ಚು ಯಾಕೆ ಅಂತೀರಾ? ನನ್ನಮ್ಮನೂ ವಾಟ್ಸಾಪಿನಲ್ಲಿ ಅದನ್ನೇ ಕೇಳುತ್ತಾಳೆ.)

ಅದನ್ನು ನೋಡಲೆಂದೇ ಇರ್ಫಾನ್ ಹಿಮದಲ್ಲಿ ಎದೆಮಟ್ಟದ ಗುಂಡಿ ತೋಡಿದರು. ಹಿಮದ ಗೋಡೆಯಿಂದ ಕಂಬದಂಥ ಒಂದು ತುಂಡು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ಬೆರಳುಗಳಿಂದ ಮೆಲ್ಲಗೆ ತಟ್ಟಿದರು. ಅಷ್ಟಕ್ಕೇ ಮೇಲಿನ ಭಾಗ ಹಲಗೆಯಂತೆ ಜಾರಿ ಅವರ ಮಡಿಲಿಗೆ ಬಿತ್ತು. ಅದರಡಿಯ ಹಿಮ ರವೆಯಂತೆ ಉದುರಿತು.

“ಇದು ಬೇಡ. ಕೆಳಗಿನ ಲೇಯರ್ ವೀಕ್ ಇದೆ. ಮರಗಳ ಕಡೆಯಿಂದ ಇಳಿಯೋಣ,” ಎಂದರು.

“ನಿನ್ನೆ ಮಂದಿ ಇಳದಾರಲ್ರೀ ಭಾಯ್. ಗೆರಿ ಕಾಣಾಕತ್ತಾವ ನೋಡ್ರಿ,” ಎಂದ ಪ್ರಕಾಶ.

“ಅದು ಅವರ ಲಕ್ಕು, ಪ್ರಕಾಶ್. ಹಿಮದ ಗ್ಯಾರಂಟಿ ಅಲ್ಲ.”

“ಅಕ್ಕಾರ, ನೀವರ ಬರ್ರಿ,” ಎಂದು ನನ್ನ ಕಡೆ ತಿರುಗಿದ. ನಾನು ಬರುವುದಿಲ್ಲ ಎಂದೆ.

ಅವನು ನಕ್ಕು, ಹೆಲ್ಮೆಟ್ಟು ಬಿಗಿದುಕೊಂಡು ಇಳಿದೇಬಿಟ್ಟ. ನಾವಿಬ್ಬರೂ ನೋಡುತ್ತ ನಿಂತೆವು. ಹಿಮ ಅಲುಗಲಿಲ್ಲ. ನಾವು ಮರಗಳ ನಡುವೆ ತಡವರಿಸಿಕೊಂಡು ಕೆಳಗೆ ಬರುವಷ್ಟರಲ್ಲಿ ಅವನು ಸ್ಯಾಂಡ್‌ವಿಚ್ ಮುಗಿಸಿದ್ದ.

“ಏನಾತ್ರೀ ಭಾಯ್? ಏನೂ ಆಗ್ಲಿಲ್ಲ.”

ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಇರ್ಫಾನರನ್ನು ರೇಗಿಸಿದ. ಸೋಮವಾರ ಆಫೀಸಿನಲ್ಲಿ ಎಲ್ಲರಿಗೂ ವಿಡಿಯೋ ತೋರಿಸಿದ.

ಕೆಲವು ವಾರಗಳ ನಂತರ, ಹೊಸ ಹಿಮ ಬಿದ್ದಿದ್ದಾಗ, ಬೇರೆ ಗೆಳೆಯರ ಜೊತೆ ಅಲ್ಲಿಗೇ ಹೋದ. ಯಾರೂ ಗುಂಡಿ ತೋಡಲಿಲ್ಲವಂತೆ. ಅವನು ನಡುಭಾಗ ತಲುಪಿದಾಗ ಇಡೀ ಇಳಿಜಾರು ಕಿತ್ತುಕೊಂಡು ಬಂತು. ಹಿಮದಡಿ ಹೂತವರನ್ನು ಹುಡುಕಲೆಂದು ಎದೆಗೆ ಕಟ್ಟಿಕೊಳ್ಳುವ ಬೀಕನ್ನಿನ ಸಿಗ್ನಲ್ ಹಿಡಿದು ಗೆಳೆಯರು ಅವನನ್ನು ತೋಡಿ ತೆಗೆದರು. ಬೇಗನೇ ತೆಗೆದರು. ಆದರೂ ಉಸಿರು ನಿಂತಿತ್ತು.

ಹೇವರ್ಡ್‌ನ ಅವನ ಮನೆಗೆ ಹೋದೆವು. ಅವನ ಹೆಂಡತಿ ಸುಜಾತಾ ಅಳುತ್ತಿರಲಿಲ್ಲ. ಇರ್ಫಾನರನ್ನೇ ನೋಡುತ್ತ ಕೇಳಿದಳು, “ಅವತ್ತು ಬ್ಯಾಡ ಅಂದಿದ್ರಂತಲ್ಲ. ಇನ್ನೊಮ್ಮಿ ಯಾಕ ಹೇಳಲಿಲ್ರೀ?”

“ಅವನು ಹೊರಡೋ ಮುಂಚೆ ಫೋನ್ ಮಾಡಿದ್ದೆ, ತಂಗಿ. ‘ಹೋದ ಸಲನೂ ಹಿಂಗಽ ಅಂದಿದ್ರಿ ಭಾಯ್’ ಅಂದ. ನಕ್ಕು ಫೋನ್ ಇಟ್ಟ.”



ನಮ್ಮೆಲ್ಲರದೂ ಇದೇ ಕಥೆಯಲ್ಲವೇ? ಮೆಸೇಜು ನೋಡುತ್ತ ಕಾರು ಓಡಿಸುತ್ತೇವೆ. ಎದೆನೋವಿಗೆ ಗ್ಯಾಸು ಎಂದು ಹೆಸರಿಟ್ಟು ಮಲಗುತ್ತೇವೆ. ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತೇವೆ. ಏನೂ ಆಗಿರುವುದಿಲ್ಲ. ಹಾಗೆ ಆಗದಿದ್ದ ಪ್ರತಿ ಸಲವೂ ನಮ್ಮ ಧೈರ್ಯ ಒಂದು ಗೇಣು ಬೆಳೆದಿರುತ್ತದೆ.

ತಪ್ಪು ಮಾಡಿಯೂ ಬದುಕಿ ಬಂದವನಿಗೆ, ನೀನು ಮಾಡಿದ್ದು ತಪ್ಪು ಎಂದು ನಂಬಿಸುವುದು ಹೇಗೆ?