ನೆಟ್ಟಗಿಲ್ಲದ ಒಂದು ಹಲ್ಲು

ಹರಪನಹಳ್ಳಿಯಲ್ಲಿ ಹಲ್ಲು ಕಟ್ಟುವ ಭೀಮರಾಜ ಯಾರು ಎದುರು ಬಂದರೂ ಮುಖಕ್ಕಿಂತ ಮೊದಲು ಹಲ್ಲು ನೋಡುತ್ತಾನೆ. ಕಟ್ಟಬೇಕಾದ ಹಲ್ಲಿನ ಮಾದರಿಯನ್ನು ಹಿಂದೆ ಮೇಣದಲ್ಲಿ ಕೆತ್ತುತ್ತಿದ್ದವನು, ಈಗ ಕಂಪ್ಯೂಟರಿನಲ್ಲಿ ಮಾಡಿ, ರೋಗಿಯ ಫೋಟೋಕ್ಕೆ ಕೂಡಿಸಿ ತೋರಿಸುತ್ತಾನೆ. ನೋಡಿದವರೆಲ್ಲ ಬೆರಗಾಗುತ್ತಾರೆ. ಮದುವೆಯೂಟದಲ್ಲಿ ಯಾರಾದರೂ ನಕ್ಕರೂ ಅವನ ಬೆರಳು ಮೌಸ್ ಹಿಡಿದಂತೆ ಆಡುತ್ತದೆ. "ಒಂಚೂರು ಸರಿಸಿದ್ರ ಸಾಲು ನೆಟ್ಟಗಾಗತೈತ್ರಿ" ಎನ್ನುತ್ತಾನೆ. ಬಸ್ಸಿನಿಂದ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡ ಚಿಗಟೇರಿಯ ತಿಪ್ಪೇರುದ್ರಮ್ಮ ಪರದೆಯಲ್ಲಿ ನೆಟ್ಟನೆ ಹಲ್ಲಿನ ತನ್ನ ಮುಖ ನೋಡಿ ಹೌಹಾರಿದಳು. "ಅಯ್ಯೋ, ಯಾರ್ರೀ ಇಕಿ? ನಾನಲ್ಲ! ನನ್ನ ಹಲ್ಲು ಒಂದರ ಮ್ಯಾಲೊಂದು ಹತ್ತಿದ್ವು. ನಮ್ಮವ್ವಂದೂ ಹಂಗ ಇದ್ದವು." ಭೀಮರಾಜನೇ ದಂಗಾದ. ಊರಿನ ಸೊಟ್ಟ ಹಲ್ಲುಗಳನ್ನೆಲ್ಲ ಮನಸ್ಸಿನಲ್ಲೇ ನೇರ ಮಾಡಿದ್ದವನು, ಮೊದಲ ಸಲ, ಉಸಿರು ಬಿಗಿಹಿಡಿದು, ಒಂದು ಹಲ್ಲನ್ನು ಸೊಟ್ಟ ಮಾಡಿದ. ಆಕೆ ಪರದೆಯ ಮೇಲೆ ಕೈಯಿಟ್ಟು, "ಹಾಂ, ಈಗ ನಾನ ಅದೀನ್ರಿ" ಎಂದು ಬಿಕ್ಕಿದಳು.